ಅಭ್ಯಾಸ ಪಂದ್ಯ ನೋಡಿದ ವರ್ತಕ

ರೇವಣಪ್ಪನೆಂಬ ಶಿಷ್ಯ ಒಂದು ದಿನ ಗುರುಗಳನ್ನು ಕೇಳಿದ: "ಕತ್ತಲೆಯಲ್ಲಿರುವುದು ಕಾಣದಿದ್ದರೆ ಅದು ಕಣ್ಣಿನ ತಪ್ಪಲ್ಲ. ಆದರೆ ಹಾಡಹಗಲಿನಲ್ಲಿ, ಎದುರಿಗೇ ಇರುವುದನ್ನು ಕಾಣದ ಜನರಿದ್ದಾರೆ. ಅವರಲ್ಲಿ ಕೊರತೆ ಯಾವುದು, ಬುದ್ಧಿಯೋ ಪ್ರೀತಿಯೋ?"

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ಅವನಿಗೆ ಬುದ್ಧಿಯೂ ಇತ್ತು, ಪ್ರೀತಿಯೂ ಇತ್ತು. ಅವನ ಪ್ರೀತಿಯೆಲ್ಲ ಊರಿನ ಬ್ಯಾಸ್ಕೆಟ್‌ಬಾಲ್ ತಂಡದ ಮೇಲೆ. ಅದು ಸಂಬಳಕ್ಕೆ ಆಡುವವರ ತಂಡ. ವರ್ಷಕ್ಕೊಮ್ಮೆ ಲೀಗ್ ನಡೆಯುವಾಗ ಊರೂರಿನ ತಂಡಗಳೊಡನೆ ಸೆಣಸುತ್ತಿತ್ತು. ಸೆಣಸುತ್ತಿತ್ತು ಎನ್ನುವುದು ಮರ್ಯಾದೆಯ ಮಾತು. ಬಹಳ ವರ್ಷಗಳಿಂದ ಅದು ಸೋಲುತ್ತಲೇ ಬಂದಿತ್ತು. ಸೋತ ಮಾರನೆಯ ದಿನ ಅವನ ಬೆಲ್ಲದ ಮಂಡಿಗೆ ಬಂದ ಪರವೂರಿನ ವ್ಯಾಪಾರಿಗಳು ಆ ಮಾತೆತ್ತಿದರೆ ವರ್ತಕ ತಕ್ಕಡಿಯ ಕಡೆ ಮುಖ ತಿರುಗಿಸುತ್ತಿದ್ದ. ಆದರೂ ಒಂದು ಆಟವನ್ನೂ ಬಿಟ್ಟವನಲ್ಲ.

ಆ ತಂಡದಲ್ಲಿ ಪುಟ್ಟಮಾದು ಎಂಬ ಆಟಗಾರನಿದ್ದ. ಹೆಸರಷ್ಟೇ ಪುಟ್ಟ, ಆಳು ಬಾಗಿಲಿಗೆ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರ. ಅದೇ ಊರಿನಲ್ಲಿ ಹುಟ್ಟಿ ಬೆಳೆದವನು. ಮಣ್ಣಿನ ಅಂಕಣದಲ್ಲಿ ಬರಿಗಾಲಿನಲ್ಲಿ ಆಡುತ್ತಿದ್ದ ಕಾಲದಿಂದಲೂ ವರ್ತಕ ಅವನನ್ನು ಬಲ್ಲ. ಎದುರಾದಾಗಲೆಲ್ಲ ಊಟ ಆಯಿತೇ ಎಂದು ವಿಚಾರಿಸುತ್ತಿದ್ದ. ಪುಟ್ಟಮಾದುವಿಗೂ ವರ್ತಕನೆಂದರೆ ಒಡಹುಟ್ಟಿದ ಅಣ್ಣನಷ್ಟು ಸಲಿಗೆ, ಅಷ್ಟೇ ಗೌರವ.

ಆ ವರ್ಷ ಲೀಗ್ ಶುರುವಾಗುವ ಮುಂಚೆ ಕೆಲವು ಅಭ್ಯಾಸ ಪಂದ್ಯಗಳು ನಡೆದವು. ಅವುಗಳ ಸೋಲುಗೆಲುವು ಲೆಕ್ಕಕ್ಕಿಲ್ಲ. ಆದರೂ ವರ್ತಕ ಸಂಜೆಯಾಗುವ ಮೊದಲೇ ಮಂಡಿ ಮುಚ್ಚಿ ಹೋಗಿ ರಿಂಗಿನ ಹಿಂದೆ ಕುಳಿತುಕೊಳ್ಳುತ್ತಿದ್ದ. ಮೊದಲ ಪಂದ್ಯ ತಂಡ ಗೆದ್ದಿತು. ಎರಡನೆಯದನ್ನೂ ಗೆದ್ದಿತು. ಮುಂದಿನದರಲ್ಲಿ ಹಿಂದಿನ ವರ್ಷ ಲೀಗ್ ಗೆದ್ದವರನ್ನೇ ಸೋಲಿಸಿತು. ವರ್ತಕನ ನಡಿಗೆಯೇ ಬದಲಾಯಿತು.

ಮಂಡಿಯಲ್ಲಿ ಅವನು ಬೆಳಗಿನಿಂದ ಅದನ್ನೇ ಹೇಳುತ್ತಿದ್ದ. ಈಗ ಚೆಂಡು ಒಬ್ಬನ ಕೈಯಲ್ಲಿ ನಿಲ್ಲುವುದಿಲ್ಲ, ಎದುರಾಳಿ ನುಗ್ಗಿದರೆ ಇಬ್ಬರು ಅಡ್ಡ ಬರುತ್ತಾರೆ, ರಿಂಗಿಗೆ ಬಡಿದು ಬಂದ ಚೆಂಡು ಪುಟ್ಟಮಾದುವಿನ ಕೈ ಬಿಟ್ಟು ಬೇರೆಲ್ಲೂ ಹೋಗುವುದಿಲ್ಲ ಎನ್ನುತ್ತಿದ್ದ. ಅಭ್ಯಾಸದ ಗೆಲುವನ್ನು ನಂಬಬೇಡಿ, ಬೇರೆ ತಂಡದವರು ಹೊಸಬರನ್ನು ಇಳಿಸಿ ಪರೀಕ್ಷೆ ಮಾಡುತ್ತಿರುತ್ತಾರೆ ಎಂದು ಪಕ್ಕದ ಮಂಡಿಯವನು ಹೇಳಿದಾಗ ವರ್ತಕನಿಗೆ ಸಿಟ್ಟು ಬಂತು. ಅವನೊಡನೆ ಮಾತು ಬಿಟ್ಟ. ಉಳಿದವರು ವರ್ತಕನನ್ನೇ ನಂಬಿದರು. ಎಲ್ಲ ಪಂದ್ಯ ನೋಡಿದವನು ಅವನೊಬ್ಬನೇ.

ನೋಡಿದ್ದೂ ನಿಜ. ಒಂದು ಪಂದ್ಯದಲ್ಲಿ ಪುಟ್ಟಮಾದು ಓಡಿಬಂದು ಮೊಣಕಾಲಿನ ಮೇಲೆ ಕೈಯೂರಿ ನಿಂತುಬಿಟ್ಟ. ವರ್ತಕ ಅದನ್ನು ಕಂಡ. ಜಾಣನಾಗಿದ್ದಾನೆ, ದಮ್ಮು ಉಳಿಸಿಕೊಳ್ಳುತ್ತಿದ್ದಾನೆ ಎಂದುಕೊಂಡ. ಇನ್ನೊಂದರಲ್ಲಿ ಪುಟ್ಟಮಾದು ತಾನಾಗಿಯೇ ಕೈಯೆತ್ತಿ ಬದಲಿ ಆಟಗಾರನನ್ನು ಕೇಳಿದ. ಹಿಂದೆಂದೂ ಹಾಗೆ ಕೇಳಿದವನಲ್ಲ. ವರ್ತಕ ಅದನ್ನೂ ಕಂಡ. ಕೋಚ್ ಏನೋ ಹೊಸ ಯೋಜನೆ ಮಾಡಿರಬೇಕು ಎಂದುಕೊಂಡ. ಮಾರನೆಯ ದಿನ ಮಂಡಿಯಲ್ಲಿ ಆ ಯೋಜನೆಯನ್ನು ವಿವರಿಸಿಯೂ ಹೇಳಿದ.

ಒಂದು ಸಂಜೆ ಆಟ ಮುಗಿದು ಜನ ಚದುರಿದರು. ವರ್ತಕ ಹೊರಗೆ ಬಂದಾಗ ಪುಟ್ಟಮಾದು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದ. ಮುಖ ಬಿಳಿಚಿಕೊಂಡಿತ್ತು. ಅಂಗೈಯಿಂದ ಎದೆ ಒತ್ತಿಕೊಂಡಿದ್ದ. ವರ್ತಕನನ್ನು ಕಂಡು ಎದ್ದು ನಿಲ್ಲಲು ಹೋದ. ವರ್ತಕ ಅವನ ಹೆಗಲು ಹಿಡಿದು ಕೂರಿಸಿದ.

"ಎದೆ ಒಂಥರಾ ಹಿಡಿದ ಹಾಗಾಗ್ತದೆ ಅಣ್ಣಾ," ಎಂದ ಪುಟ್ಟಮಾದು. "ಡಾಕ್ಟರ ಹತ್ತಿರ ಹೋದರೆ ಆಡಬೇಡ ಅಂದುಬಿಡ್ತಾರೇನೋ ಅಂತ ಹೆದರಿಕೆ. ನೀವು ದಿನಾ ನೋಡ್ತಿದ್ದೀರಲ್ಲ, ನೀವೇ ಹೇಳಿ. ನಾನು ಮೊದಲಿನ ಹಾಗೆ ಇದ್ದೀನಾ?"

"ಮೊದಲಿಗಿಂತ ಚೆನ್ನಾಗಿದ್ದೀಯ ಕಣೋ," ಎಂದ ವರ್ತಕ. "ಇಷ್ಟು ಚೆನ್ನಾಗಿ ನೀನು ಯಾವತ್ತೂ ಆಡಿಲ್ಲ."

ಪುಟ್ಟಮಾದು ನಕ್ಕ. ಅವನ ಮುಖದಲ್ಲಿ ಸ್ವಲ್ಪ ಕಳೆ ಬಂತು. ಅವನು ಕೇಳಿದ್ದು ದೇಹದ ಮಾತು, ತಾನು ಹೇಳಿದ್ದು ಆಟದ ಮಾತು ಎನ್ನುವುದು ದಾರಿಯಲ್ಲಿ ಬರುವಾಗ ವರ್ತಕನಿಗೆ ಹೊಳೆಯದೆ ಇರಲಿಲ್ಲ. ಹಿಂದಿರುಗಿ ಹೋಗಿ ನಾಳೆಯೇ ಆಸ್ಪತ್ರೆಗೆ ಹೋಗೋಣ ಬಾ ಎನ್ನಬೇಕೆಂದು ಒಂದು ಗಳಿಗೆ ನಿಂತ ಕೂಡ. ಆಮೇಲೆ, ಸೆಕೆ ಜಾಸ್ತಿ, ಸುಸ್ತಾಗಿದೆ ಅಷ್ಟೆ ಎಂದು ಮನಸ್ಸಿಗೆ ಹೇಳಿಕೊಂಡು ಮನೆಗೆ ನಡೆದ.

ಕೊನೆಯ ಅಭ್ಯಾಸ ಪಂದ್ಯದಲ್ಲಿ ಕೋಚ್ ಪುಟ್ಟಮಾದುವನ್ನು ಇಳಿಸಲಿಲ್ಲ. ತಂಡ ಹೀನಾಯವಾಗಿ ಸೋತಿತು. ಜನ ಕೂಗಾಡಿದರು. ಮಾರನೆಯ ದಿನ ವರ್ತಕ ಮಂಡಿಯ ಹತ್ತಾರು ಜನರನ್ನು ಕಟ್ಟಿಕೊಂಡು ಕೋಚಿನ ಮನೆಗೆ ಹೋದ. ಲೀಗಿನ ಮೊದಲ ಪಂದ್ಯ ಊರಿನಲ್ಲೇ ಇದೆ, ಪುಟ್ಟಮಾದುವನ್ನು ಕೂರಿಸಿದರೆ ಊರಿನ ಮಾನ ಹೋಗುತ್ತದೆ ಎಂದ. ಕೋಚ್ ಹೊರಗಿನಿಂದ ಬಂದವನು, ಮಾತು ಕಡಿಮೆ. ಹುಡುಗ ಯಾಕೋ ಸರಿಯಿಲ್ಲ ಅನಿಸಿತು, ಕೇಳಿದರೆ ಚೆನ್ನಾಗಿದ್ದೇನೆ ಎನ್ನುತ್ತಾನೆ, ಅದಕ್ಕೇ ಕೂರಿಸಿದೆ ಎಂದ. ಆಮೇಲೆ ವರ್ತಕನ ಮುಖವನ್ನೇ ನೋಡಿ, ದಿನವೂ ಹತ್ತಿರದಿಂದ ನೋಡುವವರು ನೀವು, ನಿಮಗೇನಾದರೂ ಕಂಡಿತೇ ಎಂದು ಕೇಳಿದ.

ಹಿಂದೆ ಜನ ನಿಂತಿದ್ದರು. ನೀರಿನ ತೊಟ್ಟಿಯ ಕಟ್ಟೆ ವರ್ತಕನ ಕಣ್ಣ ಮುಂದೆ ಬಂದು ಹೋಯಿತು.

"ಇಲ್ಲ," ಎಂದ. "ಏನೂ ಕಂಡಿಲ್ಲ."

ಲೀಗಿನ ಮೊದಲ ಪಂದ್ಯದ ದಿನ ಊರಿಗೆ ಊರೇ ಅಲ್ಲಿತ್ತು. ಪುಟ್ಟಮಾದು ಆಡಿದ. ಅಂಥ ಆಟವನ್ನು ಆ ಊರಿನವರು ನೋಡಿರಲಿಲ್ಲ. ಅರ್ಧ ಆಟದ ಹೊತ್ತಿಗೆ ತಂಡ ಬಹಳ ಮುಂದಿತ್ತು. ವಿರಾಮ ಕಳೆದು ಆಟ ಮತ್ತೆ ಶುರುವಾದ ಸ್ವಲ್ಪ ಹೊತ್ತಿಗೆ ಪುಟ್ಟಮಾದು ರಿಂಗಿನ ಕೆಳಗೆ ಹಾರಿ ಚೆಂಡು ಹಿಡಿದ. ಕಾಲು ನೆಲಕ್ಕೆ ತಾಗಿದ ಮೇಲೆ ನಿಲ್ಲಲಿಲ್ಲ. ಹಾಗೆಯೇ ಮಗ್ಗುಲಾಗಿ ಬಿದ್ದ. ಚೆಂಡು ಅವನ ಕೈಯಿಂದ ಜಾರಿ ಉರುಳಿತು.

ವರ್ತಕ ಎದ್ದು ನಿಂತು ಫೌಲ್, ಫೌಲ್ ಎಂದು ಕೂಗಿದ. ಎದುರಾಳಿ ತಳ್ಳಿದ್ದು ರೆಫರಿಗೆ ಕಾಣುವುದಿಲ್ಲವೇ ಎಂದು ಬಯ್ದ. ಆಟಗಾರರು ಸುತ್ತ ಸೇರಿದರು, ಕೋಚ್ ಮಂಡಿಯೂರಿ ಕುಳಿತು ಎದೆ ಒತ್ತತೊಡಗಿದ. ವರ್ತಕ ಇನ್ನೂ ಕೂಗುತ್ತಲೇ ಇದ್ದ. ಪಕ್ಕದಲ್ಲಿದ್ದವನೊಬ್ಬ ಅವನ ಅಂಗಿ ಹಿಡಿದು ಎಳೆದು ಕೂರಿಸಿದ.

ಆಸ್ಪತ್ರೆ ಮುಟ್ಟುವ ಮೊದಲೇ ಪುಟ್ಟಮಾದುವಿನ ಜೀವ ಹೋಗಿತ್ತು. ಹೃದಯ ಬಹಳ ದಿನಗಳಿಂದ ಕೆಟ್ಟಿರಬೇಕು, ಮೊದಲೇ ತೋರಿಸಿದ್ದರೆ ಉಳಿಯುತ್ತಿದ್ದ ಎಂದರು ವೈದ್ಯರು.

ಊರಿನ ಸಿಟ್ಟು ಕೋಚಿನ ಮೇಲೆ ತಿರುಗಿತು. ಹುಷಾರಿಲ್ಲದವನನ್ನು ಆಡಿಸಿ ಕೊಂದ ಎಂದರು. ಅವನ ಮನೆಗೆ ಕಲ್ಲು ಬಿತ್ತು. ತಂಡದವರು ಅವನನ್ನು ಕೆಲಸದಿಂದ ತೆಗೆದರು. ಹೆಂಡತಿ ಮಗುವನ್ನು ಕರೆದುಕೊಂಡು ಅವನು ಬಸ್ಸು ಹತ್ತಿದಾಗ ನಿಲ್ದಾಣದಲ್ಲಿ ಯಾರೂ ಅವನನ್ನು ಮಾತನಾಡಿಸಲಿಲ್ಲ. ಕೋಚಿನ ಮನೆಗೆ ವರ್ತಕನ ಹಿಂದೆ ಹೋಗಿದ್ದವರೇ ಈಗ ಮಂಡಿಯಲ್ಲಿ ಕುಳಿತು ಕೋಚನ್ನು ಶಪಿಸಿದರು. ವರ್ತಕ ಕೇಳಿಸಿಕೊಂಡ. ಕೇಳುತ್ತಲೇ ಬೆಲ್ಲ ತೂಕ ಹಾಕಿದ.

ಅವನಿಗೆ ಅನ್ನ ಸೇರದಾಯಿತು. ಕಡೆಗೆ, ಯಾರಿಗಲ್ಲದಿದ್ದರೂ ಪುಟ್ಟಮಾದುವಿನ ಹೆಂಡತಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡಬೇಕೆಂದು ನಿರ್ಧರಿಸಿ ಅವಳ ಮನೆಗೆ ಹೋದ. ಅವಳು ಬಸುರಿ. ಚಾಪೆ ಹಾಸಿ ಕೂರಿಸಿದಳು, ನೀರು ಕೊಟ್ಟಳು. ವರ್ತಕ ಬಾಯಿ ತೆರೆಯುವ ಮೊದಲೇ ಅವಳು ಮಾತನಾಡಿದಳು.

"ನೀವು ಬಂದೇ ಬರ್ತೀರಿ ಅಂತ ಗೊತ್ತಿತ್ತು ಅಣ್ಣ. ಆಸ್ಪತ್ರೆಗೆ ಹೋಗೋಣ ಅಂತ ನಾನು ಬಲವಂತ ಮಾಡಿದ್ದೆ. ಬರ್ತೀನಿ ಅಂದಿದ್ರು. ಆವತ್ತು ಸಂಜೆ ನಿಮ್ಮ ಹತ್ತಿರ ಮಾತಾಡಿಕೊಂಡು ನಗ್ತಾ ಬಂದ್ರು. ಅಣ್ಣ ದಿನಾ ನೋಡೋವರು, ಅವರೇ ಮೊದಲಿಗಿಂತ ಚೆನ್ನಾಗಿದ್ದೀಯ ಅಂದಮೇಲೆ ಇನ್ಯಾಕೆ ಡಾಕ್ಟರು ಅಂದ್ರು. ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದ್ರು. ಅಷ್ಟಾದರೂ ಸಿಕ್ಕಿತಲ್ಲ, ನಿಮ್ಮಿಂದ."

ಅವಳ ಮಾತಿನಲ್ಲಿ ಚುಚ್ಚುವುದೇನೂ ಇರಲಿಲ್ಲ. ಅವಳು ಕೈಮುಗಿದಳು. ವರ್ತಕ ಹೇಳಬೇಕೆಂದು ಬಂದದ್ದನ್ನು ಹೇಳಲಿಲ್ಲ. ನೀರನ್ನು ಕುಡಿದು, ಎದ್ದು, ಮನೆಗೆ ಹೋದ. ಆಮೇಲೆ ಬದುಕಿದಷ್ಟು ಕಾಲವೂ ಹೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ರೇವಣಪ್ಪನಿಗೆ ಸಮಾಧಾನವಾಗಲಿಲ್ಲ. ವರ್ತಕನಿಗೆ ಆ ಆಟಗಾರನ ಮೇಲೆ ಪ್ರೀತಿಯಿದ್ದದ್ದು ಸುಳ್ಳಲ್ಲ, ಎಲ್ಲರಿಗಿಂತ ಹತ್ತಿರದಿಂದ ನೋಡಿದವನೂ ಅವನೇ. ಹಾಗಿದ್ದರೂ ಅಷ್ಟು ದೊಡ್ಡ ಸಂಗತಿ ಅವನಿಗೆ ಯಾಕೆ ಕಾಣಲಿಲ್ಲ ಎಂದು ಕೇಳಿದ.

ಗುರುಗಳು ಹೇಳಿದರು: "ತಂಡ ಸೋಲುತ್ತಿದ್ದರೆ ಮೊದಲ ದಿನವೇ ಕಾಣುತ್ತಿತ್ತು."