ಹೋರಿಯ ಡಾಕ್ಟರಿಗೆ ಹೇಳಿದ ಮಾತು

"ಗಂಡಸು ತನ್ನ ಗುಟ್ಟನ್ನು ತನ್ನಲ್ಲೇ ಇಟ್ಟುಕೊಂಡರೆ ಯಾರಿಗೇನು ನಷ್ಟ, ಗುರುಗಳೇ?"

ಕೇಳಿದವನು ಓಬಳಯ್ಯ. ಹೊಸ ಶಿಷ್ಯ, ಹೊಳೆಯಾಚೆಯ ಊರಿನವನು. ಐವತ್ತು ದಾಟಿದೆ. ಎರಡನೇ ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಇದನ್ನೆಲ್ಲ ಹೇಳಬಾರದು. ಆದರೆ ಹೇಳದಿದ್ದರೆ ಕತೆ ಅರ್ಥವಾಗುವುದಿಲ್ಲ. ಬೆಳಿಗ್ಗೆಯಿಂದ ಅವನ ಕೈ ಅಂಗಿಯ ಜೇಬು ಬಿಟ್ಟು ಕದಲಿರಲಿಲ್ಲ. ಜೇಬಿನಲ್ಲಿ ಏನಿದೆ ಎಂಬುದು ಅವನ ಸೋದರಮಾವನಿಗೆ ಗೊತ್ತು. ಕೊಟ್ಟವನೇ ಆತ.

ಗುರುಗಳು ಶಿಷ್ಯನ ಮುಖ ನೋಡಲಿಲ್ಲ, ಜೇಬು ನೋಡಿದರು. ಒಳಗಿನಿಂದ ಗುರುಪತ್ನಿ ಅಮ್ಮನವರು ಮಜ್ಜಿಗೆ ಕಡೆಯುವ ಸದ್ದು ಬರುತ್ತಿತ್ತು. ಜಗುಲಿಯ ಕಂಬಕ್ಕೆ ತೂಗುಹಾಕಿದ್ದ ಹಿತ್ತಾಳೆ ಗಂಟೆಯನ್ನು ಗುರುಗಳು ಬೆರಳಿನಿಂದ ಒಮ್ಮೆ ತಟ್ಟಿ, "ಕೇಳು" ಎಂದರು.

ಒಬ್ಬ ರೈತನಿದ್ದ. ಬೀಜದ ಹೋರಿ ಸಾಕಿದ್ದ. ಸುತ್ತಲ ಹಳ್ಳಿಗಳ ಹಸುಗಳೆಲ್ಲ ಅವನ ಕೊಟ್ಟಿಗೆಗೇ ಬರುತ್ತಿದ್ದವು. ಹೋರಿಯ ಕೊರಳಿಗೆ ಹಿತ್ತಾಳೆ ಗಂಟೆ ಕಟ್ಟಿದ್ದ. ಅದು ತಲೆಯೆತ್ತಿ ನಡೆದರೆ ಇವನೂ ತಲೆಯೆತ್ತಿ ನಡೆಯುತ್ತಿದ್ದ. ಮೀಸೆ ಯಜಮಾನನದು, ಪೌರುಷ ಹೋರಿಯದು ಎಂದು ಊರ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಒಂದು ವರ್ಷ ಹೋರಿ ಹಸುವಿನ ಕಡೆ ತಿರುಗಿಯೂ ನೋಡಲಿಲ್ಲ. ರೈತ ಕೂಡಲೇ ದನದ ಡಾಕ್ಟರನ್ನು ಕರೆಸಿದ. ಅರ್ಧ ಊರು ಬೇಲಿಗೆ ಒರಗಿ ನಿಂತಿತು. ರೈತ ಒಂದನ್ನೂ ಮುಚ್ಚಿಡಲಿಲ್ಲ. ಎಷ್ಟು ವಯಸ್ಸು, ಏನು ಮೇವು, ಎಂದಿನಿಂದ ಮನಸ್ಸಿಲ್ಲ, ಹತ್ತಿದರೂ ಹೇಗೆ ಅರ್ಧಕ್ಕೇ ಇಳಿದುಬಿಡುತ್ತದೆ, ಎಲ್ಲವನ್ನೂ ದೊಡ್ಡ ದನಿಯಲ್ಲಿ ಹೇಳಿದ. ಹೆಂಗಸರು ಕಿವಿ ಮುಚ್ಚಿಕೊಂಡು ಬೆರಳ ಸಂದಿಯಲ್ಲಿ ಕೇಳಿಸಿಕೊಂಡರು.

"ಬೇರೆ ಯಾರದಾದರೂ ಔಷಧಿ ಕುಡಿಸಿದ್ದೀರಾ?" ಎಂದು ಡಾಕ್ಟರು ಕೇಳಿದರು.

"ಎಲ್ಲಾದರೂ ಉಂಟೇ ಡಾಕ್ಟ್ರೇ? ಇನ್ನೊಂದು ಹೋರಿಯ ಔಷಧಿಯನ್ನು ಇದಕ್ಕೆ ಹಾಕುವುದೇ? ಅದರ ಮೈಯೇ ಬೇರೆ, ಇದರ ಮೈಯೇ ಬೇರೆ!"

ಡಾಕ್ಟರು ಹೋರಿಯನ್ನು ಮೂತಿಯಿಂದ ಬಾಲದವರೆಗೆ ನೋಡಿದರು. ಕಾಯಿಲೆ ಎಲ್ಲರೂ ಅಂದುಕೊಂಡ ಜಾಗದಲ್ಲಿ ಇರಲೇ ಇಲ್ಲ. ಹಿಂಗಾಲಿನ ಗೊರಸು ಕೀವುಗಟ್ಟಿತ್ತು. ಗೊರಸು ವಾಸಿಯಾಯಿತು, ಹೋರಿ ತನ್ನ ಕೆಲಸಕ್ಕೆ ಮರಳಿತು.

ಎರಡು ವರ್ಷ ಕಳೆಯಿತು. ಅದೇ ಕಷ್ಟ ರೈತನಿಗೆ ಬಂತು. ಈ ಸಲ ಬೇಲಿಯ ಹತ್ತಿರ ಯಾರನ್ನೂ ಬಿಟ್ಟುಕೊಳ್ಳಲಿಲ್ಲ. ಹೆಂಡತಿಗೆ ಒಂದು ದಿನ ಸೊಂಟನೋವು ಎಂದ, ಇನ್ನೊಂದು ದಿನ ವ್ರತ ಎಂದ. ಅವನು ಹಿಡಿದಷ್ಟು ವ್ರತಗಳು ಪಂಚಾಂಗದಲ್ಲೇ ಇಲ್ಲ. ದಿಬ್ಬ ಹತ್ತಿದರೆ ಎದೆ ಬಿಗಿಯುತ್ತಿತ್ತು. ಅದನ್ನೂ ಹೇಳಲಿಲ್ಲ.

ಸಂತೆಯಲ್ಲಿ ಗೆಳೆಯನಾದ ಒಬ್ಬ ವ್ಯಾಪಾರಿಯ ಕಿವಿಯಲ್ಲಿ ಮಾತ್ರ ಉಸುರಿದ. ಇದೇ ಕಷ್ಟಕ್ಕೆ ವ್ಯಾಪಾರಿಗೆ ಅವನ ಡಾಕ್ಟರು ಬರೆದುಕೊಟ್ಟಿದ್ದ ಮಾತ್ರೆಗಳ ಸ್ಟ್ರಿಪ್ಪು ಜೇಬಿನಲ್ಲೇ ಇತ್ತು. ಅದರಿಂದ ಎರಡು ಕತ್ತರಿಸಿ ಕೊಟ್ಟ. "ನನಗೆ ಆಗಿಬಂದಿದೆ. ನಿನಗೆ ಆಗದೆ ಇರುತ್ತದೆಯೇ?" ಎಂದ.

ಮಕ್ಕಳು ನೆಂಟರ ಮನೆಗೆ ಹೋಗಿದ್ದ ಒಂದು ಮಧ್ಯಾಹ್ನ, ಹಾಡುಹಗಲೇ, ರೈತ ಒಂದು ಮಾತ್ರೆ ನುಂಗಿದ. ಕಾಲು ಗಂಟೆ ಕಾದ. ಸಾಲದೆಂದು ಇನ್ನೊಂದನ್ನೂ ನುಂಗಿದ. ಸ್ವಲ್ಪ ಹೊತ್ತಿಗೆ ಎದೆಯನ್ನು ಯಾರೋ ಹಿಂಡಿದಂತಾಯಿತು, ಮೈಯೆಲ್ಲ ಬೆವೆತಿತು.

ಹೋರಿ ಸಾಗಿಸುವ ಟೆಂಪೋದಲ್ಲೇ ಆಸ್ಪತ್ರೆಗೆ ಕರೆದೊಯ್ದರು. ಹಿಂದೆಯೇ ಅರ್ಧ ಊರು ಬಂತು. ಬಾರದೆ ಇರುತ್ತದೆಯೇ?

"ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಂಡಿದ್ದೀರಾ?" ಎಂದು ಡಾಕ್ಟರು ಕೇಳಿದರು.

ರೈತ ಬಾಗಿಲಲ್ಲಿ ನಿಂತಿದ್ದ ಮುಖಗಳನ್ನು ನೋಡಿದ. "ಇಲ್ಲ" ಎಂದ.

ಡಾಕ್ಟರು ಸಣ್ಣ ಶೀಶೆಯಿಂದ ಒಂದು ಮಾತ್ರೆ ತೆಗೆದರು. ಎದೆನೋವಿಗೆ ನಾಲಿಗೆಯ ಕೆಳಗೆ ಇಡುವ ಮಾತ್ರೆ. "ನಾಲಿಗೆ ಎತ್ತಿ" ಎಂದರು. ರೈತ ಎತ್ತಿದ.

ಹೆಂಡತಿ ನುಗ್ಗಿ ಬಂದು ಡಾಕ್ಟರ ಕೈ ಹಿಡಿದುಕೊಂಡಳು. "ತಡೀರಿ. ಇವರ ಬಾಯಿಂದ ಬರೋದಿಲ್ಲ, ನಾನು ಹೇಳ್ತೀನಿ." ದಿಂಬಿನ ಕೆಳಗೆ ಸಿಕ್ಕಿದ್ದ ಮಾತ್ರೆಯ ಖಾಲಿ ಸ್ಟ್ರಿಪ್ಪಿನ ಚೂರನ್ನು ಸೆರಗಿನ ಗಂಟಿನಿಂದ ಬಿಚ್ಚಿ ತೋರಿಸಿದಳು. "ಇದು ಎರಡು ನುಂಗಿದ್ದಾರೆ. ಈಗ, ಮಧ್ಯಾಹ್ನ." ಆಮೇಲೆ ಗಂಡನ ಕಡೆ ತಿರುಗಿದಳು. "ಹೋರಿಗೆ ಅದರದ್ದೇ ಮೈ ಇತ್ತು. ನಿಮಗೆ ಮೈಯೇ ಇಲ್ಲವಾ?"

ಡಾಕ್ಟರು ಚೂರಿನ ಮೇಲಿದ್ದ ಹೆಸರು ಓದಿದರು. ನಾಲಿಗೆಯ ಮಾತ್ರೆ ಶೀಶೆಗೆ ಹಿಂತಿರುಗಿತು. "ಇವೆರಡೂ ಒಂದೇ ಮೈಯಲ್ಲಿ ಸೇರಿದರೆ ರಕ್ತದೊತ್ತಡ ಪಾತಾಳಕ್ಕೆ ಇಳಿಯುತ್ತದಮ್ಮ. ನೀವು ಹೇಳದಿದ್ದರೆ ನನ್ನ ಕೈಯಾರೆ ನಾನೇ ಇವರನ್ನು ಕೊಂದುಬಿಡುತ್ತಿದ್ದೆ" ಎಂದರು. ಬೇರೆ ಚಿಕಿತ್ಸೆ ಮಾಡಿದರು. ರೈತ ಉಳಿದ.

ಇಲ್ಲಿ ಶಿಷ್ಯ ಬಾಯಿ ಹಾಕಿದ. "ಹಾಗಾದರೆ ಆ ಮಾತ್ರೆಯೇ ವಿಷ ಅನ್ನಿ."

"ಮಾತ್ರೆಯ ತಪ್ಪು ಏನೂ ಇಲ್ಲ" ಎಂದರು ಗುರುಗಳು. "ವ್ಯಾಪಾರಿ ಅದನ್ನೇ ತಿಂದು ಸುಖವಾಗಿದ್ದ."

ರೈತನ ರಕ್ತದಲ್ಲಿ ಸಕ್ಕರೆ ಏರಿತ್ತು. ಎದೆಯ ನಾಳ ಕಿರಿದಾಗಿತ್ತು. ಹೋರಿಯ ಗೊರಸಿನ ಹಾಗೆ ಇವನ ಕಾಯಿಲೆಯೂ ಬೇರೆ ಜಾಗದಲ್ಲೇ ಇತ್ತು. ಡಾಕ್ಟರು ಮೊದಲು ಅದಕ್ಕೆ ಔಷಧಿ ಮಾಡಿದರು. ತಿಂಗಳುಗಟ್ಟಲೆ ಕಾಯಿಸಿದರು. ಎದೆ ತಡೆದೀತೆಂದು ಪರೀಕ್ಷೆ ಮಾಡಿ ನೋಡಿದ ಮೇಲೆ, ಅವನು ತಿನ್ನುವ ಬೇರೆ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಇಡಿಸಿಕೊಂಡು, ಅವನ ಮೈಗೆ ಹೊಂದುವ ಮಾತ್ರೆಯನ್ನು ಅವನ ಹೆಸರಿಗೇ ಬರೆದುಕೊಟ್ಟರು. ದಿನಕ್ಕೆ ಒಂದು, ಹೆಚ್ಚಿಲ್ಲ. ಕೆಲಸ ಮಾಡಲಿಲ್ಲವೆಂದು ಇನ್ನೊಂದು ನುಂಗುವ ಹಾಗಿಲ್ಲ. ಎದೆನೋವು ಬಂದರೆ, ಎದುರಿಗೆ ಯಾವ ಡಾಕ್ಟರೇ ಇರಲಿ, ಮೊದಲು ಬಾಯಿಬಿಟ್ಟು ಇದನ್ನು ಹೇಳಬೇಕು. ರೈತ ಆ ಚೀಟಿಯನ್ನು ಹೋರಿಯ ಲಸಿಕೆ ಚೀಟಿಯ ಪಕ್ಕದಲ್ಲೇ ಗೋಡೆಗೆ ಅಂಟಿಸಿದ. ಆಮೇಲೆ ವ್ರತಗಳು ಕಡಿಮೆಯಾದವು.

"ಊರು ನಗಲಿಲ್ಲವೇ ಗುರುಗಳೇ?" ಓಬಳಯ್ಯನ ದನಿ ಸಣ್ಣದಾಗಿತ್ತು.

"ಎಂಟು ದಿನ ನಕ್ಕಿತು. ಆಮೇಲೆ ಮೀಸೆ ಹೊತ್ತವರು ಒಬ್ಬೊಬ್ಬರೇ ಹಿತ್ತಿಲ ಬಾಗಿಲಿಗೆ ಬಂದು ಆ ಡಾಕ್ಟರು ಎಲ್ಲಿ ಕೂರುತ್ತಾರೆ ಎಂದು ಕೇಳಿಕೊಂಡು ಹೋದರು."

"ಇಷ್ಟೆಲ್ಲ ಒಳಗಿನ ವಿಷಯ ನಿಮಗೆ ಹೇಗೆ ಗೊತ್ತಾಯಿತು?"

ಗುರುಗಳು ಕಂಬದ ಗಂಟೆಯನ್ನು ಇನ್ನೊಮ್ಮೆ ತಟ್ಟಿದರು.

"ಅಂದು ಡಾಕ್ಟರ ಕೈ ಹಿಡಿದವಳು ಒಳಗೆ ಮಜ್ಜಿಗೆ ಕಡೆಯುತ್ತಿದ್ದಾಳೆ, ಜೇಬಿನಲ್ಲಿರುವುದನ್ನು ಅವಳ ಕೈಗೆ ಕೊಟ್ಟು ಆಸ್ಪತ್ರೆಗೆ ನಡೆ."