ಮೊರದಲ್ಲಿ ಉಳಿದ ಒಂದು ಹಿಡಿ

ತ್ರಿಯಂಬಕನಿಗೆ ಬಾರದ ಶಾಸ್ತ್ರವಿರಲಿಲ್ಲ. ಅವನ ಪಾಠ ಮಾತ್ರ ಯಾರ ತಲೆಗೂ ಹತ್ತುತ್ತಿರಲಿಲ್ಲ.

ನದಿಯ ದಂಡೆಯ ಆ ಆಶ್ರಮದಲ್ಲಿ ಗುರು ಸೋಮಾನಂದರು ಅವನನ್ನು ಒಂದು ತಿಂಗಳ ಮಟ್ಟಿಗೆ ಪಾಠಕ್ಕೆ ಕೂರಿಸಿ ನೋಡಿದ್ದರು. ಹನ್ನೊಂದು ವಿದ್ಯಾರ್ಥಿಗಳಲ್ಲಿ ಕೊನೆಗೆ ಉಳಿದವರು ಮೂವರು. ಮಿಕ್ಕವರು ಪಾಠದ ಹೊತ್ತಿಗೆ ಸರಿಯಾಗಿ ಕೊಟ್ಟಿಗೆ ಸೇರುತ್ತಿದ್ದರು. ಹಸುಗಳಿಗೆ ಅಷ್ಟು ಸೇವೆ ಹಿಂದೆಂದೂ ನಡೆದಿರಲಿಲ್ಲ.

ಆದರೂ ತ್ರಿಯಂಬಕನಿಗೆ ಪಾಠ ಹೇಳುವುದೆಂದರೆ ಪ್ರಾಣ. ನಾಳೆಯಿಂದ ಆ ಕೆಲಸ ತನಗೇ ಕೊಡಬೇಕೆಂದು ಗುರುಗಳ ಬಳಿ ಬೇಡಿಕೊಂಡ.

ಅದಕ್ಕೆ ಅಲ್ಲೊಂದು ರೂಢಿಯಿತ್ತು. ಪಾಠಕ್ಕೆ ಕೂರುವವನು ಹಿಂದಿನ ದಿನ, ತನಗೆ ಕಲಿಸಿದ ಒಬ್ಬೊಬ್ಬರ ಹೆಸರಿನಲ್ಲೂ ಮೊರದಿಂದ ಒಂದು ಹಿಡಿ ಅಕ್ಕಿ ತೆಗೆದು ಬಾಳೆಲೆಗೆ ಹಾಕಬೇಕು. ಅವರಿಂದ ಏನು ಕಲಿತೆನೆಂದು ಹೇಳಬೇಕು. ಮರುದಿನ ಅದನ್ನೇ ಎಲ್ಲರೆದುರು ಹೇಳಿ ಪಾಠ ಶುರು ಮಾಡಬೇಕು. ಸಂಜೆಯೊಳಗೆ ಮೊರ ಖಾಲಿಯಾಗದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಮೊರಕ್ಕೆ ಇಷ್ಟು ಹಿಡಿ ಎಂದು ಎಣಿಸಿ ಅಕ್ಕಿ ಹಾಕುವವರು ಗುರುಗಳೇ.

ತ್ರಿಯಂಬಕ ಗಡಗಡನೆ ಹೇಳುತ್ತಾ ಹೋದ. ತರ್ಕ ಕಲಿಸಿದವರು, ವ್ಯಾಕರಣ ಕಲಿಸಿದವರು, ಮಾತು ಕಲಿಸಿದ ಅಮ್ಮ, ಈಜು ಕಲಿಸಿದ ಅಜ್ಜ, ಕೊನೆಗೆ ಸೋಮಾನಂದರು.

ಮೊರದಲ್ಲಿ ಒಂದು ಹಿಡಿ ಉಳಿಯಿತು.

ಅದನ್ನೂ ಮೆಲ್ಲಗೆ ಸೋಮಾನಂದರ ಪಾಲಿಗೇ ಸೇರಿಸಲು ಹೋದ. ಅವರು ಎಲೆಯನ್ನು ತಮ್ಮತ್ತ ಎಳೆದುಕೊಂಡರು.

"ನನ್ನ ಪಾಲು ಬಂತಪ್ಪ. ಇದು ಇನ್ಯಾರದೋ."

ಮಧ್ಯಾಹ್ನ ಕಳೆಯಿತು. ಎಷ್ಟು ತಲೆ ಕೆರೆದುಕೊಂಡರೂ ಹೆಸರು ಹೊಳೆಯಲಿಲ್ಲ. ಅವನ ಮುಖ ಸಣ್ಣಗಾದದ್ದು ಕಂಡು, ಚಿಕ್ಕಂದಿನಲ್ಲಿ ಹಗಲೆಲ್ಲಾ ಯಾರ ಜೊತೆ ಇರುತ್ತಿದ್ದೆ ಎಂದು ಗುರುಗಳು ಕೇಳಿದರು.

"ಯಾರೂ ಇರಲಿಲ್ಲ ಗುರುಗಳೇ. ಒಂದು ಮರದ ಆನೆ ಇತ್ತು, ಅಷ್ಟೇ."

ಹಾಗೆಂದವನಿಗೆ ತನಗೇ ನಗು ಬಂತು. ನಗುತ್ತಲೇ ಕಥೆ ಬಿಚ್ಚಿದ. ಆನೆಗೆ ಗುಂಡಣ್ಣ ಅಂತ ಹೆಸರು. ನಾಲ್ಕು ಚಕ್ರ, ಮುಂದೆ ಒಂದು ಹಗ್ಗ. ಒಂದು ಚಕ್ರ ಕಳಚಿ ಬಾವಿಗೆ ಬಿತ್ತು. ಆಮೇಲೆ ಅವನು ಹಗ್ಗ ಹಿಡಿದು ಓಡಿದಾಗಲೆಲ್ಲಾ ಗುಂಡಣ್ಣ ಮಗುಚಿಕೊಳ್ಳುತ್ತಿದ್ದ. ತಿರುಗಿ ನೋಡುವಷ್ಟರಲ್ಲಿ ಸೊಂಡಿಲೆಲ್ಲಾ ತರಚಿ ಹೋಗಿರುತ್ತಿತ್ತು. ಎಷ್ಟು ಬೈದರೂ ಅಷ್ಟೇ, ಜೋರಾಗಿ ಎಳೆದರೂ ಅಷ್ಟೇ.

"ಬಿಟ್ಟುಬಿಟ್ಯಾ?"

"ಗುಂಡಣ್ಣನ್ನ ಬಿಡೋದುಂಟೇ? ಹಗ್ಗ ಬಿಚ್ಚಿ ಎಸೆದೆ. ಬೆನ್ನ ಮೇಲೆ ಕೈಯಿಟ್ಟು, ವಾಲೋ ಕಡೆ ಸ್ವಲ್ಪ ಎತ್ತಿ ಹಿಡಿದು, ಬಗ್ಗಿಕೊಂಡೇ ಪಕ್ಕದಲ್ಲಿ ನಡೆದೆ. ಬೀದಿ ಕೊನೆವರೆಗೂ ಬಂದ ಗುರುಗಳೇ. ಒಂದು ಸಲವೂ ಬೀಳಲಿಲ್ಲ."

ಸೋಮಾನಂದರು ಕೊಟ್ಟಿಗೆಯ ಕಡೆ ನೋಡಿದರು.

ತ್ರಿಯಂಬಕನೂ ಅತ್ತ ತಿರುಗಿದ. ಕೊಟ್ಟಿಗೆಯಲ್ಲಿ ವಿದ್ಯಾರ್ಥಿಗಳು ಹರಟುತ್ತಿದ್ದುದು ಕೇಳುತ್ತಿತ್ತು. ಒಂದು ತಿಂಗಳು ಪಾಠದಲ್ಲಿ ತಾನು ಹೇಗೆ ತಿರುಗಿ ನೋಡದೆ ಓಡಿದ್ದೆನೆಂದು ಅವನಿಗೆ ಆಗ ತಿಳಿಯಿತು. ನಾಚಿಕೆಯಾಯಿತು. ನಾಚಿಕೆಯ ಜೊತೆಗೆ ಮನಸ್ಸು ಹಗುರವೂ ಆಯಿತು.

ಕೊನೆಯ ಹಿಡಿಯನ್ನು ಎರಡೂ ಕೈಯಲ್ಲಿ ತೆಗೆದು ಎಲೆಗೆ ಹಾಕಿದ.

"ಗುಂಡಣ್ಣನಿಂದ, ಜೊತೆಗೆ ನಡೆಯೋದು."

ಗುರುಗಳು ತಲೆಯಾಡಿಸಿದರು. ಮೊರ ಖಾಲಿಯಾಗಿತ್ತು.

ಏಳುವ ಹೊತ್ತಿಗೆ ಅವನಿಗೆ ಹೊಸ ಚಿಂತೆ ಹತ್ತಿತು.

"ನಾಳೆ ಎಲ್ಲರೆದುರು ಇದನ್ನೂ ಹೇಳಬೇಕಾ? ಇಷ್ಟು ದೊಡ್ಡವರ ಸಾಲಿನಲ್ಲಿ ಮೂರು ಚಕ್ರದ ಆನೆ ಅಂದ್ರೆ ನಗ್ತಾರೆ ಗುರುಗಳೇ."

ಸೋಮಾನಂದರು ಮೊರವನ್ನು ಕೊಡವಿ ಗೋಡೆಗೆ ಒರಗಿಸಿದರು.

"ನಗಲಿ ಬಿಡಪ್ಪ. ನಿನ್ನ ಮಾತು ಅವರಿಗೆ ಮುಟ್ಟೋದು ಅದೇ ಮೊದಲು."