ಕೆಂಪಂಗಿಯ ಮೇಲಿನ ಬಿಳಿ ಕೊಕ್ಕರೆ

ಹತ್ತಿರ ಕೂತ್ಕೊಳ್ಳಿ ಮಕ್ಕಳೇ. ಬಹಳ ಹಿಂದೆ ಒಂದು ರಾಜ್ಯ ಇತ್ತು, ಅಲ್ಲೊಬ್ಬ ರಾಜ ಇದ್ದ. ಅವನ ಸೈನಿಕರು ಕೆಂಪು ಪಾಲಿಯೆಸ್ಟರ್ ಅಂಗಿ ತೊಡುತ್ತಿದ್ದರು. ಆ ಕಾಲದಲ್ಲಿ ಪಾಲಿಯೆಸ್ಟರ್ ಎಲ್ಲಿಂದ ಬಂತು ಅಂತ ಕೇಳಬೇಡಿ, ಕಥೆ ಕೇಳಿ. ಪ್ರತಿ ಅಂಗಿಯ ಎದೆಯ ಮೇಲೂ ಬಿಳಿ ಕೊಕ್ಕರೆ ಇರಬೇಕು. ಅದು ರಾಜಮನೆತನದ ಗುರುತು.

ಜಾಲರಿಯಂಥ ಸ್ಕ್ರೀನಿಟ್ಟು ಇಂಕಿನಲ್ಲಿ ಕೊಕ್ಕರೆ ಒತ್ತುವವಳು ತಿಪ್ಪವ್ವ. ಮೊದಲು ಆ ಕೆಲಸ ಅವಳ ಅಣ್ಣನದಾಗಿತ್ತು. ಅವನು ಒತ್ತಿದ ದಿನ ಕೊಕ್ಕರೆ ಬೆಳ್ಳಗೇ ಇತ್ತು. ಮೂರು ದಿನಕ್ಕೆ ಗುಲಾಬಿಯಾಯಿತು. ರಾಜ ಅವನನ್ನು ಗಡೀಪಾರು ಮಾಡಿದ. "ಇನ್ನೊಮ್ಮೆ ಹೀಗಾದರೆ ನಿನಗೂ ಅದೇ ದಾರಿ" ಅಂತ ಅವನ ಜಾಗಕ್ಕೆ ಬಂದ ತಿಪ್ಪವ್ವನಿಗೆ ಹೇಳಿದ.

ಅವತ್ತಿನಿಂದ ತಿಪ್ಪವ್ವನಿಗೆ ಬಿಳಿ ಕಂಡರೆ ಅನುಮಾನ. ಲೋಟದ ಹಾಲನ್ನೂ ದಿಟ್ಟಿಸಿ ನೋಡಿಯೇ ಕುಡಿಯುತ್ತಿದ್ದಳು.

ಪಟ್ಟದ ಹಬ್ಬ ಹತ್ತಿರ ಬಂತು. ಇಂಕಿನ ವ್ಯಾಪಾರಿ ನಾಗೋಜಿ ಡಬ್ಬಿ ಹಿಡಿದು ಬಂದ. ಅಣ್ಣನಿಗೆ ಇಂಕು ಕೊಟ್ಟವನೂ ಇವನೇ.

"ಎಂಥಾ ಬಿಳಿ ನೋಡಕ್ಕಾ" ಅಂದ.

"ಇವತ್ತಿನ ಬಿಳಿ ನಾನು ನಂಬಲ್ಲ. ಮೂರು ದಿನ ಬಿಟ್ಟು ಬನ್ನಿ."

ಕೆಂಪು ಬಟ್ಟೆಯ ಚೂರಿನ ಮೇಲೆ ಒತ್ತಿದಳು, ಕಾಯಿಸಿದಳು, ಮಡಿಸಿಟ್ಟಳು. ಮೂರನೇ ದಿನ ಬಿಚ್ಚಿದರೆ ಗುಲಾಬಿ.

"ಇದು ಹತ್ತಿಬಟ್ಟೆಯ ಇಂಕು, ಸಾಹುಕಾರ್ರೇ. ಪಾಲಿಯೆಸ್ಟರ್‌ಗೆ ಕಾವು ತಾಗಿದರೆ ಅದರ ಕೆಂಪು ಮೇಲಕ್ಕೇರುತ್ತೆ. ಅದನ್ನ ತಡೆಯೋ ಇಂಕು ತನ್ನಿ."

ಎರಡನೇ ಸಲ ಹೊಸ ಚೀಟಿ ಅಂಟಿಸಿದ ಡಬ್ಬಿ ತಂದ. ಒತ್ತಿದಳು, ಕಾಯಿಸಿದಳು, ಮಡಿಸಿಟ್ಟಳು. ಮತ್ತೆ ಗುಲಾಬಿ. ಮೂರನೇ ಸಲ ತಂದದ್ದು ಮೂರು ದಿನವಾದರೂ ಬೆಳ್ಳಗೇ ಉಳಿಯಿತು.

"ಈಗಲಾದರೂ ನಂಬ್ತೀಯಾ?"

"ನಂಬ್ತೀನಿ, ಈ ಡಬ್ಬಿ ಒಂದನ್ನ."

ನಾಗೋಜಿ ನೂರು ಡಬ್ಬಿ ತಂದು ಇಳಿಸುವ ಹೊತ್ತಿಗೆ ಹಬ್ಬಕ್ಕೆ ಎರಡೇ ದಿನ ಉಳಿದಿತ್ತು. ಮತ್ತೆ ಪರೀಕ್ಷೆ ಮಾಡಲು ಸಮಯವಿಲ್ಲ. ಬೇಕೆಂದೇ ತಡ ಮಾಡಿದ್ದಾನೆ ಅಂತ ತಿಪ್ಪವ್ವನಿಗೆ ಅನುಮಾನ ಬಂತು.

ಮೊದಲ ಅಂಗಿ ಒತ್ತುವುದನ್ನು ನೋಡಲು ರಾಜ ಬಂದ, ನಾಗೋಜಿಯೂ ಅಲ್ಲೇ ಇದ್ದ. ತಿಪ್ಪವ್ವ ಕೈಮುಗಿದಳು. "ಮಹಾಸ್ವಾಮಿ, ಮೊದಲ ಅಂಗಿ ಇಂಕು ಕೊಟ್ಟವರಿಗೇ ಸಲ್ಲಲಿ. ಹಬ್ಬದ ಒಂಬತ್ತು ದಿನವೂ ಅದನ್ನೇ ತೊಟ್ಟು ನಿಮ್ಮ ಬಲಗಡೆ ಕೂರಲಿ."

ರಾಜ ಒಪ್ಪಿದ. ನಾಗೋಜಿ ಶೋಕಿ ಮನುಷ್ಯ, ಹಿಗ್ಗಿದ. ಆಮೇಲೆ ಒಂಬತ್ತು ದಿನ ಅಂದದ್ದು ನೆನಪಾಗಿ ಮುಖ ಸಣ್ಣದಾಯಿತು. ಮೆಲ್ಲಗೆ ಅವಳ ಹತ್ತಿರ ಬಂದು ಪಿಸುಗುಟ್ಟಿದ: "ಅಕ್ಕಾ, ನನ್ನ ಅಂಗಿಗೆ ನೀನು ನಂಬಿದ ಆ ಹಳೇ ಡಬ್ಬಿ ಇಂಕೇ ಹಾಕು."

ತಿಪ್ಪವ್ವ ಎಲ್ಲರಿಗೂ ಕೇಳುವಂತೆ ಕೇಳಿದಳು: "ನೂರು ಡಬ್ಬಿಯಲ್ಲೂ ಅದೇ ಇಂಕು ತಾನೇ? ನಿಮಗೆ ಮಾತ್ರ ಹಳೇ ಡಬ್ಬಿಯದೇ ಯಾಕೆ, ಸಾಹುಕಾರ್ರೇ?"

ನಾಗೋಜಿ ಬಾಗಿಲ ಕಡೆ ಸರಿದ. ಹೊಸ ಡಬ್ಬಿಗಳಲ್ಲಿರುವುದು ಕೆಟ್ಟ ಇಂಕು ಅಂತ ರಾಜನಿಗೆ ಅರ್ಥವಾಯಿತು. ಭಟರು ಹೋಗಿ ಹುಡುಕಿದರೆ, ಒಳ್ಳೆ ಇಂಕೆಲ್ಲ ಪಕ್ಕದ ರಾಜ್ಯಕ್ಕೆ ಮಾರಲೆಂದು ಅವನ ಉಗ್ರಾಣದಲ್ಲೇ ಕೂತಿತ್ತು. ಅದರಲ್ಲೇ ಸೈನಿಕರ ಅಂಗಿಗಳು ತಯಾರಾದವು.

ನಾಗೋಜಿಗೂ ಅಂಗಿ ಸಿಕ್ಕಿತು, ಅವನದೇ ಹೊಸ ಡಬ್ಬಿಯ ಇಂಕಿನದು. ಅದನ್ನು ತೊಡಿಸಿಯೇ ಅವನನ್ನು ಗಡಿಗೆ ಅಟ್ಟಿದರು. ಮೂರು ದಿನದ ದಾರಿ. ಗಡಿಯಲ್ಲಿ ತಿಪ್ಪವ್ವನ ಅಣ್ಣ ಎದುರಾದ. ರಾಜ ಹೇಳಿಕಳಿಸಿದ್ದರಿಂದ ಅವನು ಊರಿಗೆ ಮರಳುತ್ತಿದ್ದ. ನಾಗೋಜಿಯ ಎದೆಯ ಮೇಲಿದ್ದ ಗುಲಾಬಿ ಕೊಕ್ಕರೆ ನೋಡಿದ. ಏನನ್ನೂ ಕೇಳಬೇಕಾಗಲಿಲ್ಲ.

ಅದಕ್ಕೇ ಮಕ್ಕಳೇ, ಮಾರುವವನು ನಮಗೆ ಏನು ತೋರಿಸುತ್ತಾನೆ ಅನ್ನೋದನ್ನ ನೋಡಬೇಡಿ. ತನಗೆ ಅಂತ ಯಾವುದನ್ನು ಆರಿಸಿಕೊಳ್ಳುತ್ತಾನೆ, ಅದನ್ನು ನೋಡಿ.